ಕೊನೆಗೆ ಊಟಕ್ಕೆ ಕೂರುವವರಿಂದ ಶುರು ಮಾಡಿ: ಬೆಂಗಳೂರಿನ ಮನೆಗೊಂದು ಆರೋಗ್ಯದ ದಿನಚರಿ

ಮೂರು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ನಮ್ಮ ಮನೆಗೆ ಮೂರು ತಪಾಸಣಾ ವರದಿಗಳು ಬಂದವು. ಅತ್ತೆಯವರ ರಕ್ತದೊತ್ತಡ 158/94, ಪತಿಯ ಬರಿಹೊಟ್ಟೆಯ ಸಕ್ಕರೆ 114, ನನ್ನ ಹಿಮೊಗ್ಲೋಬಿನ್ 9.6. ವೈದ್ಯರು ಮೂವರಿಗೂ ಬೇರೆ ಬೇರೆ ಸಲಹೆ ಬರೆದುಕೊಟ್ಟರು. ಆ ಚೀಟಿಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಉತ್ಸಾಹದಿಂದ ಶುರು ಮಾಡಿದೆವು. ಅತ್ತೆಗೆ ಉಪ್ಪಿಲ್ಲದ ಸಾರು, ಪತಿಗೆ ಅನ್ನದ ಬದಲು ಚಪಾತಿ, ನನಗೆ ಸೊಪ್ಪಿನ ಪಲ್ಯ, ಮಕ್ಕಳಿಬ್ಬರಿಗೆ ಅವರ ಮಾಮೂಲಿ ಊಟ. ಒಂದೇ ಒಲೆಯ ಮೇಲೆ ನಾಲ್ಕು ಅಡುಗೆ. ಆರು ವಾರಕ್ಕೆ ಎಲ್ಲವೂ ನಿಂತುಹೋಯಿತು.

ಯಾರ ಮನಸ್ಸೂ ಸಡಿಲವಾಗಿರಲಿಲ್ಲ. ನಾಲ್ಕು ಅಡುಗೆ ಮಾಡುವ ಕೈ ಮಾತ್ರ ಒಂದೇ ಆಗಿತ್ತು. ಮನೆಯ ಆರೋಗ್ಯವೆಂದರೆ ಒಬ್ಬೊಬ್ಬರ ಪಥ್ಯವಲ್ಲ, ಮನೆ ನಡೆಯುವ ರೀತಿಯೇ ಬದಲಾಗಬೇಕು ಎಂಬುದು ಆಮೇಲೆ ತಿಳಿಯಿತು. ಉಪ್ಪು ಎಲ್ಲರಿಗೂ ಕಡಿಮೆಯಾಗಲಿ, ಸೊಪ್ಪು ಎಲ್ಲರ ತಟ್ಟೆಗೂ ಬರಲಿ, ಕೆಲಸ ಎಲ್ಲರ ಕೈಗೂ ಹಂಚಲಿ ಎಂದು ಎರಡನೆಯ ಸಲ ಶುರು ಮಾಡಿದ್ದು ಇಂದಿಗೂ ನಡೆಯುತ್ತಿದೆ. ಆ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಕಚೇರಿ, ಶಾಲೆಯ ವ್ಯಾನ್, ಟ್ರಾಫಿಕ್ ಎಂದು ದಿನದ ಬಹುಭಾಗ ಕಳೆದುಹೋಗುವ ಬೆಂಗಳೂರಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಇಲ್ಲಿರುವುದೆಲ್ಲ ಔಷಧಿಯ ಜೊತೆಗೆ ನಡೆಯಬೇಕಾದ ಕೆಲಸ.

ಹಂತ 1: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಹಳೆಯ ನೋಟ್‌ಬುಕ್ ಒಂದನ್ನು ಅಡುಗೆಮನೆಯಲ್ಲಿಡಿ. ಪ್ರತಿದಿನ ನಾಲ್ಕು ಸಂಗತಿ ಬರೆದರೆ ಸಾಕು. ಯಾರು ಎಷ್ಟು ಗಂಟೆಗೆ ಮಲಗಿದರು, ಯಾರು ಎಷ್ಟು ಗಂಟೆಗೆ ಊಟ ಮಾಡಿದರು, ಹೊರಗಿನಿಂದ ಏನು ತರಿಸಿದಿರಿ, ಮನೆಯವರೆಲ್ಲ ಒಟ್ಟಿಗೆ ಕುಳಿತದ್ದು ಎಷ್ಟು ಹೊತ್ತು. ತೂಕ ನೋಡುವುದು, ಕ್ಯಾಲೊರಿ ಲೆಕ್ಕ ಹಾಕುವುದು ಈಗ ಬೇಡ.

ನಮ್ಮ ಮನೆಯ ಆ ವಾರದ ಪುಟದಲ್ಲಿ ಕಂಡದ್ದು ಇದು: ಏಳು ದಿನದಲ್ಲಿ ನಾಲ್ಕು ದಿನ ನಾನು ನಿಂತುಕೊಂಡೇ ತಿಂಡಿ ತಿಂದಿದ್ದೆ. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತದ್ದು ಒಂದೇ ದಿನ, ಭಾನುವಾರ. ಹತ್ತು ವರ್ಷದ ಮಗ ಹನ್ನೊಂದು ಗಂಟೆಯಾದರೂ ಎದ್ದಿರುತ್ತಿದ್ದ, ಏಕೆಂದರೆ ಅಪ್ಪ ಬರುವುದೇ ಒಂಬತ್ತೂವರೆಗೆ. ಬಾಯಿಮಾತಿನಲ್ಲಿ ಯಾರು ಹೇಳಿದ್ದರೂ ಇದು ಆರೋಪದಂತೆ ಕೇಳಿಸುತ್ತಿತ್ತು. ಬರಹದಲ್ಲಿ ಕಂಡಾಗ ಯಾರೂ ಯಾರನ್ನೂ ದೂರಲಿಲ್ಲ.

ಹಂತ 2: ಕೊನೆಗೆ ಕೂರುವವರನ್ನು ಮೊದಲು ಕೂರಿಸಿ

ಆರೋಗ್ಯದ ಬಗ್ಗೆ ಓದುವಾಗ ಈ ಹಂತ ಎಲ್ಲಿಯೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಮಿಕ್ಕೆಲ್ಲ ನಿಲ್ಲುವುದು ಇದರ ಮೇಲೆಯೇ.

ದೋಸೆ ಹುಯ್ಯುವವರು ಎಲ್ಲರಿಗೂ ಬಿಸಿ ಬಿಸಿ ಹಾಕಿ, ಕೊನೆಗೆ ತಳ ಹತ್ತಿದ ಪಲ್ಯದ ಜೊತೆ ಆರಿದ ಒಂದನ್ನು ತಿನ್ನುತ್ತಾರೆ. ಸೊಪ್ಪಿನ ಹುಳಿ ಖಾಲಿಯಾಗಿದ್ದರೆ ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಇದು ವರ್ಷಗಟ್ಟಲೆ ನಡೆದರೆ ರಕ್ತದಲ್ಲಿ ಕಾಣಿಸಿಕೊಳ್ಳದೆ ಇರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣ ಬಡತನವೊಂದೇ ಅಲ್ಲ. ತಿಂಗಳ ಕೊನೆಯಲ್ಲಿಯೂ ಕೈಯಲ್ಲಿ ದುಡ್ಡಿರುವ ಮನೆಗಳಲ್ಲಿಯೂ ಅದಿದೆ.

ಮಾಡಬೇಕಾದದ್ದು ಹೀಗೆ. ಮೊದಲನೆಯದಾಗಿ, ಬಡಿಸುವ ಮುನ್ನವೇ ಮನೆಯ ಎಲ್ಲರ ತಟ್ಟೆಗೂ ಪಲ್ಯ, ಕಾಳು ಸಮನಾಗಿ ಹಾಕಿಬಿಡಿ. ಉಳಿದ ಮೇಲೆ ಅಮ್ಮನಿಗೆ ಎಂಬ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಎರಡನೆಯದಾಗಿ, ದೋಸೆ, ರೊಟ್ಟಿಯ ದಿನ ಒಲೆಯ ಮುಂದೆ ಸರದಿ ಇರಲಿ. ನಮ್ಮಲ್ಲಿ ಮೊದಲ ಆರು ದೋಸೆ ನಾನು ಹುಯ್ಯುತ್ತೇನೆ, ಮುಂದಿನ ಆರು ಪತಿಯದು. ಮಗಳಿಗೆ ಹದಿನಾಲ್ಕು, ಅವಳು ಶನಿವಾರ ಪೂರ್ತಿ ತಾನೇ ವಹಿಸಿಕೊಳ್ಳುತ್ತಾಳೆ. ಮೂರನೆಯದು ಸ್ವಲ್ಪ ಕಷ್ಟದ್ದು: "ಏನು ಅಡುಗೆ ಮಾಡಲಿ" ಎಂದು ಯೋಚಿಸುವ ಕೆಲಸವನ್ನೂ ಹಂಚಿಕೊಳ್ಳುವುದು. ಅಡುಗೆಗಿಂತ ಅದರ ಯೋಚನೆಯೇ ಹೆಚ್ಚು ದಣಿಸುತ್ತದೆ. ಭಾನುವಾರ ಸಂಜೆ ಹತ್ತು ನಿಮಿಷ ಎಲ್ಲರೂ ಕುಳಿತು, ವಾರದ ರಾತ್ರಿ ಊಟ ಬರೆದು ಫ್ರಿಜ್‌ಗೆ ಅಂಟಿಸಿ. ಯಾವ ರಾತ್ರಿ ಯಾವ ಕಾಳು ನೆನೆಹಾಕಬೇಕು, ಅದನ್ನು ಯಾರು ನೆನೆಹಾಕುತ್ತಾರೆ ಎಂಬುದೂ ಅದರಲ್ಲಿರಲಿ. ಮಗ ಈಗ ಹೆಸರುಕಾಳು ನೆನೆಹಾಕುವುದನ್ನು ಮರೆಯುವುದಿಲ್ಲ. ಮರೆತರೆ ಮರುದಿನ ಕೋಸಂಬರಿ ಇಲ್ಲವೆಂದು ಅವನಿಗೆ ಗೊತ್ತು.

ಇನ್ನೊಂದು ಮಾತು, ಬೆಂಗಳೂರಿನವರಿಗೆ ಇದು ಮುಖ್ಯ. ತಿಂಡಿಯಾದ ತಕ್ಷಣ ಲೋಟದ ತುಂಬ ಕಾಫಿ ಕುಡಿಯುವುದು ನಮ್ಮೂರಿನ ಹಳೆಯ ಅಭ್ಯಾಸ. ಆದರೆ ಕಾಫಿ, ಚಹಾದಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಊಟಕ್ಕೆ ಮೊದಲು ಮತ್ತು ನಂತರ ಕನಿಷ್ಠ ಒಂದು ಗಂಟೆ ಇವನ್ನು ದೂರವಿಡಲು ಹೇಳಿದೆ. ಕಾಫಿ ಬಿಡಬೇಕಿಲ್ಲ. ಎದ್ದ ಕೂಡಲೇ ಕುಡಿಯಿರಿ, ತಿಂಡಿಯನ್ನು ಒಂದು ಗಂಟೆ ಬಿಟ್ಟು ತಿನ್ನಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ಜೀವಸತ್ವ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಕೋಸಂಬರಿಗೆ, ಉಸಲಿಗೆ ನಿಂಬೆ ಹಿಂಡುವ ನಮ್ಮ ಪದ್ಧತಿ ಇಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಹಿಮೊಗ್ಲೋಬಿನ್ ತೀರಾ ಕೆಳಗಿದ್ದರೆ ಸೊಪ್ಪು, ಕಾಳುಗಳಷ್ಟೇ ಸಾಲುವುದಿಲ್ಲ. ನನಗೂ ವೈದ್ಯರು ಕೊಟ್ಟ ಮಾತ್ರೆ ಬೇಕಾಯಿತು.

ಹಂತ 3: ಉಪ್ಪಿನ ಪ್ಯಾಕೆಟ್ ಮೇಲೆ ದಿನಾಂಕ ಬರೆಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅದು ಸುಮಾರು ಒಂದು ಟೀ ಚಮಚ. ಆದರೆ ಸಾರಿಗೆ ಹಾಕಿದ ಉಪ್ಪಿನಲ್ಲಿ ಯಾರ ಪಾಲು ಎಷ್ಟು ಎಂದು ಅಳೆಯುವುದು ಹೇಗೆ? ಸುಲಭವಾದ ದಾರಿಯಿದೆ. ಒಂದು ಕಿಲೋ ಪ್ಯಾಕೆಟ್ ಒಡೆದ ದಿನವೇ ಪೆನ್ನಿನಿಂದ ಅದರ ಮೇಲೆ ದಿನಾಂಕ ಬರೆಯಿರಿ. ಖಾಲಿಯಾದ ದಿನ ಲೆಕ್ಕ ಹಾಕಿ. ನಾಲ್ಕು ಜನರ ಮನೆಯಲ್ಲಿ ಅದು 50 ದಿನ ಬರಬೇಕು. ಐದು ಜನರಿದ್ದರೆ 40 ದಿನ. ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿ, ಹೋಟೆಲ್ ಊಟದಲ್ಲಿ ಬರುವ ಉಪ್ಪು ಈ ಲೆಕ್ಕದ ಹೊರಗಿನದು. ಆದ್ದರಿಂದ ಪ್ಯಾಕೆಟ್ ಇನ್ನಷ್ಟು ದಿನ ಬಂದರೆ ಒಳ್ಳೆಯದು.

ನಮ್ಮ ಮೊದಲ ಪ್ಯಾಕೆಟ್ 22 ದಿನಕ್ಕೆ ಮುಗಿದಿತ್ತು. ಎಂದರೆ ತಲೆಗೆ ದಿನಕ್ಕೆ 9 ಗ್ರಾಂ. ಅತ್ತೆಯವರು ಪ್ಯಾಕೆಟ್ ಕೈಯಲ್ಲಿ ಹಿಡಿದು ಎರಡು ಸಲ ಎಣಿಸಿ ನೋಡಿದರು.

ಒಮ್ಮೆಲೇ ಇಳಿಸಬೇಡಿ, ಮನೆಯವರು ಊಟವನ್ನೇ ದ್ವೇಷಿಸುತ್ತಾರೆ. ನಾಲಿಗೆಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ನಾವು ಮೊದಲ ತಿಂಗಳು ಅನ್ನ, ಚಪಾತಿ ಹಿಟ್ಟು, ಮಜ್ಜಿಗೆ ಈ ಮೂರಕ್ಕೆ ಉಪ್ಪು ಹಾಕುವುದನ್ನು ನಿಲ್ಲಿಸಿದೆವು. ಎರಡನೆಯ ತಿಂಗಳು ಉಪ್ಪಿನಕಾಯಿ ಭರಣಿಯನ್ನು ಊಟದ ಮೇಜಿನಿಂದ ಎತ್ತಿ ಮೇಲಿನ ಕಪಾಟಿಗೆ ಇಟ್ಟೆವು. ಬೇಕಾದವರು ಎದ್ದು ತೆಗೆದುಕೊಳ್ಳಲಿ ಎಂಬ ನಿಯಮ, ಅಷ್ಟರಿಂದಲೇ ಅರ್ಧ ಕಡಿಮೆಯಾಯಿತು. ಮೂರನೆಯ ತಿಂಗಳು ಸಾರು, ಹುಳಿಗೆ ಹಾಕುವ ಉಪ್ಪನ್ನು ಕಾಲು ಚಮಚ ಇಳಿಸಿ, ಒಗ್ಗರಣೆಯಲ್ಲಿ ಇಂಗು, ಕರಿಬೇವು, ಮೆಣಸು ಸ್ವಲ್ಪ ಮುಂದೆ ಮಾಡಿದೆವು. ಈಗ ಪ್ಯಾಕೆಟ್ 38 ದಿನ ಬರುತ್ತದೆ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಸೋಡಿಯಂ ಕಡಿಮೆಯಿರುವ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು.

ಎಣ್ಣೆ, ಸಕ್ಕರೆಗೂ ಇದೇ ದಿನಾಂಕದ ವಿಧಾನ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂಬುದು ನೆನಪಿಡಲು ಸುಲಭವಾದ ಅಳತೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಒಳ್ಳೆಯದು. ಕಾಫಿ, ಬಿಸ್ಕತ್ತು, ಜ್ಯೂಸ್ ಎಲ್ಲ ಸೇರಿ ಅಷ್ಟು. ಬೆಲ್ಲವೂ ಇದೇ ಲೆಕ್ಕಕ್ಕೆ ಬರುತ್ತದೆ. ಬೆಲ್ಲವೆಂದ ಮಾತ್ರಕ್ಕೆ ಮಧುಮೇಹಿಗಳಿಗೆ ವಿನಾಯಿತಿಯಿಲ್ಲ.

ಹಂತ 4: ಎಲೆಯ ಕ್ರಮದಲ್ಲಿ ಬಡಿಸಿ

ಮದುವೆ ಊಟದ ಬಾಳೆ ಎಲೆಯನ್ನು ನೆನಪಿಸಿಕೊಳ್ಳಿ. ಕೋಸಂಬರಿ, ಪಲ್ಯಗಳು ಎಲೆಯ ಮೇಲೆ ಬಂದು ಕುಳಿತ ಮೇಲೆಯೇ ಅನ್ನ. ಮನೆಯಲ್ಲಿ ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ಮೊದಲು ಅನ್ನದ ಗುಡ್ಡ, ಅದರ ಮೇಲೆ ಸಾರು, ಮೂಲೆಯಲ್ಲಿ ಒಂದು ಚಮಚ ಪಲ್ಯ. ತರಕಾರಿ ಮತ್ತು ಕಾಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ತಿಂದರೆ ಊಟದ ನಂತರ ಸಕ್ಕರೆ ಏರುವ ಪ್ರಮಾಣ ತಗ್ಗುತ್ತದೆ. ಪತಿಗೆ ಚಪಾತಿ, ನಮಗೆ ಅನ್ನ ಎಂಬ ಬೇರೆ ಅಡುಗೆಯನ್ನು ನಿಲ್ಲಿಸಿದ್ದು ಈ ಕ್ರಮವೇ. ಈಗ ಎಲ್ಲರಿಗೂ ಒಂದೇ ಅಡುಗೆ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು, ಕಾಲು ಭಾಗ ಕಾಳು ಅಥವಾ ಬೇಳೆ, ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ಮೊಟ್ಟೆ, ಮೀನು, ಕೋಳಿ ತಿನ್ನುವ ಮನೆಗಳಲ್ಲಿ ಅದು ಬೇಳೆಯ ಜಾಗಕ್ಕೆ ಬರುತ್ತದೆ.

ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು. ಐದು ಜನರಿಗೆ ಎರಡು ಕಿಲೋ. ಇದನ್ನು ಕೇಳಿದಾಗ ಗಾಬರಿಯಾಗುತ್ತದೆ, ಆದರೆ ಹಾಪ್‌ಕಾಮ್ಸ್ ಮಳಿಗೆಯಲ್ಲೋ ಬೀದಿ ಗಾಡಿಯಲ್ಲೋ ಎರಡು ದಿನಕ್ಕೊಮ್ಮೆ ತಂದರೆ ಹೊಂದುತ್ತದೆ. ಆಯಾ ಕಾಲದಲ್ಲಿ ಅಗ್ಗವಾಗಿರುವುದನ್ನೇ ತನ್ನಿ. ದಂಟು, ಹರಿವೆ, ಸಬ್ಬಸಿಗೆ, ಮೆಂತ್ಯ, ನುಗ್ಗೆ ಇವು ವಿದೇಶಿ ಸೊಪ್ಪುಗಳಿಗೆ ಯಾವುದರಲ್ಲಿಯೂ ಕಡಿಮೆಯಿಲ್ಲ. ಸೊಪ್ಪು ಬಿಡಿಸುವುದು ಬೇಸರವೆನ್ನುವವರಿಗೆ ಒಂದು ಸಲಹೆ: ಅದನ್ನು ಮಾತಿನ ಹೊತ್ತಾಗಿ ಮಾಡಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಪೇಪರ್ ಹಾಸಿ ನೆಲದ ಮೇಲೆ ಕೂರುತ್ತೇವೆ. ಬೇಳೆ ಹಿತಕುವಾಗ ಮಕ್ಕಳು ಶಾಲೆಯ ಸಂಗತಿಗಳನ್ನು ತಾವಾಗಿಯೇ ಹೇಳುತ್ತಾರೆ. ಎದುರು ಕೂರಿಸಿಕೊಂಡು ಕೇಳಿದರೆ ಅದು ಬಾಯಿಗೆ ಬರುವುದಿಲ್ಲ.

ರಾಗಿಯ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೇರೆ ಯಾವ ಸಾಮಾನ್ಯ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಬೆಳೆಯುವ ಮಕ್ಕಳಿಗೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ವಾರಕ್ಕೆ ಮೂರು ದಿನವಾದರೂ ರಾಗಿ ಸಿಗಲಿ. ಆದರೆ ಮಧುಮೇಹ ಇರುವವರು ರಾಗಿಯೆಂದು ಎರಡು ದೊಡ್ಡ ಮುದ್ದೆ ನುಂಗುವುದು ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಚಿಕ್ಕ ಮುದ್ದೆ, ಜೊತೆಗೆ ಹುರುಳಿಕಾಳು, ಸೊಪ್ಪಿನ ಬಸ್ಸಾರು ಮತ್ತು ಅದೇ ಸೊಪ್ಪಿನ ಪಲ್ಯ, ಇದು ಸರಿಯಾದ ಜೋಡಿ.

ಹಂತ 5: ಸಂಜೆ ಐದರ ಹಸಿವಿಗೆ ಮೊದಲೇ ಸಿದ್ಧರಾಗಿ

ಬೆಂಗಳೂರಿನಲ್ಲಿ ಬೇಕರಿಯಿಲ್ಲದ ರಸ್ತೆ ಸಿಗುವುದಿಲ್ಲ. ಶಾಲೆಯಿಂದ ಬಂದ ಮಗುವಿಗೂ ಕಚೇರಿಯಿಂದ ಬಂದ ದೊಡ್ಡವರಿಗೂ ಹಸಿವಾಗುವ ಹೊತ್ತಿಗೆ ಪಫ್, ಖಾರದ ಕಾಂಗ್ರೆಸ್ ಕಡಲೆಕಾಯಿ, ಬೆಣ್ಣೆ ಬಿಸ್ಕತ್ತು ಹತ್ತು ಹೆಜ್ಜೆ ದೂರದಲ್ಲಿರುತ್ತವೆ. ಬೈಯುವುದರಿಂದ ಏನೂ ಆಗುವುದಿಲ್ಲ. ಕಣ್ಣಿಗೆ ಮೊದಲು ಬೀಳುವುದನ್ನು ಬದಲಿಸಿ. ಹೆಚ್ಚಿದ ಪರಂಗಿ, ಸೀಬೆಹಣ್ಣು ಮೇಜಿನ ಮೇಲಿರಲಿ. ಬೇಯಿಸಿದ ಕಡಲೆಕಾಳು ಉಸಲಿ, ಹುರಿದ ಕಡಲೆಕಾಯಿ ಜೊತೆ ಕಡಲೆಪುರಿ, ಬೇಯಿಸಿದ ಗೆಣಸು, ಇವುಗಳಲ್ಲಿ ಒಂದು ಸಾಕು. ಹಣ್ಣನ್ನು ಹೆಚ್ಚದೆ ಬುಟ್ಟಿಯಲ್ಲಿಟ್ಟರೆ ಬಾಡುತ್ತದೆ, ಹೆಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಖಾಲಿಯಾಗುತ್ತದೆ. ಇದನ್ನು ನಾನು ನೂರು ಸಲ ನೋಡಿದ್ದೇನೆ.

ಮೊಬೈಲಿನಲ್ಲಿ ಊಟ ತರಿಸುವುದಕ್ಕೂ ಇದೇ ಮಾತು. ರಾತ್ರಿ ಎಂಟಕ್ಕೆ ಏನೂ ಸಿದ್ಧವಿಲ್ಲದಿದ್ದಾಗ ಕೈ ಮೊಬೈಲಿಗೆ ಹೋಗುತ್ತದೆ. ಫ್ರಿಜ್‌ನಲ್ಲಿ ಇಡ್ಲಿ ಹಿಟ್ಟೊಂದು ಸದಾ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಹೊರಗಿನ ಊಟಕ್ಕೆ ವಾರದಲ್ಲಿ ಒಂದು ದಿನವನ್ನು ಮೊದಲೇ ಗೊತ್ತುಮಾಡಿ, ಆ ದಿನ ಇಷ್ಟಪಟ್ಟದ್ದನ್ನು ಎಲ್ಲರೂ ಕೂಡಿ ಸಂತೋಷವಾಗಿ ತಿನ್ನಿ.

ಹಂತ 6: ಶಾಲೆಯ ವ್ಯಾನಿನಿಂದ ಹಿಂದಕ್ಕೆ ಎಣಿಸಿ

ನಿದ್ದೆಯ ಲೆಕ್ಕವನ್ನು ಮಲಗುವ ಹೊತ್ತಿನಿಂದ ಹಾಕಬೇಡಿ, ಏಳುವ ಹೊತ್ತಿನಿಂದ ಹಾಕಿ. ವ್ಯಾನ್ ಏಳು ಗಂಟೆಗೆ ಬರುತ್ತದೆ ಎಂದರೆ ಮಗು ಆರಕ್ಕೆ ಏಳಬೇಕು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. 13ರಿಂದ 18ರವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7. ಹಾಗಾದರೆ ಚಿಕ್ಕವನ ದೀಪ ಒಂಬತ್ತಕ್ಕೆ ಆರಬೇಕು, ಊಟ ಏಳೂವರೆಗೆ ಆಗಬೇಕು. ಅಪ್ಪ ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಇರುವ ಹೊತ್ತು ಅದು.

ಇಲ್ಲಿ ನಮ್ಮ ಮನೆಯಲ್ಲಿ ಒಂದು ನಿರ್ಧಾರ ತೆಗೆದುಕೊಂಡೆವು. ಒಟ್ಟಿಗೆ ಊಟವೆಂದರೆ ರಾತ್ರಿಯೇ ಆಗಬೇಕೆಂಬ ಹಟ ಬಿಟ್ಟೆವು. ಐದೂ ಜನ ಮನೆಯಲ್ಲಿ ಇರುವುದು ಬೆಳಿಗ್ಗೆ ಆರೂವರೆಗೆ. ಆಗ ಇಪ್ಪತ್ತು ನಿಮಿಷ ಎಲ್ಲರೂ ಮೇಜಿನ ಮುಂದೆ ಕೂರುತ್ತೇವೆ, ಯಾರ ಕೈಯಲ್ಲಿಯೂ ಮೊಬೈಲ್ ಇರುವುದಿಲ್ಲ. ಅದಕ್ಕಾಗಿ ಚಟ್ನಿ, ಹಿಟ್ಟು, ಹೆಚ್ಚಿದ ತರಕಾರಿ, ಇಸ್ತ್ರಿ ಮಾಡಿದ ಸಮವಸ್ತ್ರ ಎಲ್ಲವೂ ಹಿಂದಿನ ರಾತ್ರಿಯೇ ಸಿದ್ಧವಾಗಿರಬೇಕು. ಮಕ್ಕಳು ಅಪ್ಪನನ್ನು ಕಾಯದೆ ಬೇಗ ಮಲಗಲು ಒಪ್ಪಿದ್ದು ಬೆಳಗಿನ ಈ ಇಪ್ಪತ್ತು ನಿಮಿಷ ಖಂಡಿತ ಸಿಗುತ್ತದೆ ಎಂದು ಗೊತ್ತಾದ ಮೇಲೆ.

ಮೊಬೈಲಿಗೆ ರಾತ್ರಿ ಜಾಗ ಹಾಲ್‌ನಲ್ಲಿ. ಎಲ್ಲರ ಚಾರ್ಜರ್‌ಗಳೂ ಅಲ್ಲಿಯೇ ಇರಲಿ, ಮಲಗುವ ಕೋಣೆಯಲ್ಲಿ ಒಂದೂ ಬೇಡ. ಅಲಾರಂಗೆ ಒಂದು ಪುಟ್ಟ ಗಡಿಯಾರ ಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ, ರಾತ್ರಿ ಕರೆ ಬರಬಹುದಾದ ಕೆಲಸವಿದ್ದರೆ ಒಂದು ಫೋನಿನ ಸದ್ದು ಜೋರಾಗಿಟ್ಟು ಹಾಲ್‌ನಲ್ಲೇ ಬಿಡಿ. ಈ ನಿಯಮ ದೊಡ್ಡವರಿಂದ ಶುರುವಾಗದೆ ಮಕ್ಕಳಿಗೆ ಹೇಳುವುದು ವ್ಯರ್ಥ. ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆ ಬೇಡವೇ ಬೇಡ, ಐದರೊಳಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವೊಂದು ಊಟ, ಓದು, ಆಟ ಎಲ್ಲವನ್ನೂ ಬಿಟ್ಟು ಮೊಬೈಲಿಗೆ ಅಂಟಿಕೊಂಡಿದ್ದರೆ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಆರಂಭವಾದ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗಲು ನಾಚಿಕೆ ಬೇಡ. ಇನ್ನು ಕಾಫಿಯ ಮಾತು: ಅದರ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ನಾಲ್ಕರ ನಂತರ ಬೇಡ.

ಹಂತ 7: ನಡಿಗೆಯನ್ನು ದಾರಿಯಲ್ಲಿಯೇ ಹುಡುಕಿ

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಡಾಟ. ಜಿಮ್ ಸದಸ್ಯತ್ವ ಕೊಂಡು ಮೂರನೆಯ ವಾರಕ್ಕೆ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಹೇಗೂ ಹೋಗಲೇಬೇಕಾದ ದಾರಿಯಲ್ಲಿ ನಡೆಯುವವರು ಬಿಡುವುದಿಲ್ಲ. ಮೆಟ್ರೊ ನಿಲ್ದಾಣಕ್ಕೆ ಆಟೊ ಬದಲು ಹದಿನೈದು ನಿಮಿಷದ ನಡಿಗೆ, ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿಯುವುದು, ಮೂರನೆಯ ಮಹಡಿಯವರೆಗೆ ಲಿಫ್ಟ್ ಬೇಡವೆನ್ನುವುದು, ಇವೆಲ್ಲ ಸೇರಿ ವಾರದ ಲೆಕ್ಕ ತುಂಬುತ್ತದೆ. ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯಲ್ಲೋ ಮಹಡಿಯ ಮೇಲೋ ನಡೆದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಪತಿ ತಡವಾಗಿ ಬಂದ ದಿನವೂ ನಾವಿಬ್ಬರೂ ಇದನ್ನು ಬಿಡುವುದಿಲ್ಲ. ದಿನದಲ್ಲಿ ನಾವಿಬ್ಬರೇ ಮಾತನಾಡುವ ಹೊತ್ತೂ ಅದೇ.

ವಯಸ್ಸಾದವರಿಗೆ ಒಡೆದ ಪಾದಚಾರಿ ಮಾರ್ಗ ಅಪಾಯದ ಜಾಗ. ಅವರನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ, ಹಿಡಿತವಿರುವ ಶೂ ಕೊಡಿಸಿ. ಮನೆಯಲ್ಲಿ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಹತ್ತು ಸಲ ಮಾಡಿಸಿ. ತೊಡೆ ಗಟ್ಟಿಯಾದರೆ ಬೀಳುವ ಭಯ ಕಡಿಮೆ. ಮಕ್ಕಳನ್ನು ಸಂಜೆ ಬೆಳಕಿರುವಾಗಲೇ ಹೊರಗೆ ಕಳಿಸಿ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷ ಬರುವುದು ಕಡಿಮೆ.

ತಿಂಗಳಿಗೊಂದು ಭಾನುವಾರ ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟ ಈಗ 240 ಎಕರೆಯಷ್ಟಿದೆ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ಹತ್ತಿ, ಕೆರೆಯ ದಂಡೆಯ ಮೇಲೆ ಒಂದು ಸುತ್ತು ಬಂದರೆ ಮಕ್ಕಳಿಗೂ ಅಜ್ಜಿಗೂ ಒಂದೇ ಹೊತ್ತಿನಲ್ಲಿ ಅವರವರ ಶಕ್ತಿಗೆ ತಕ್ಕ ನಡಿಗೆಯಾಗುತ್ತದೆ. ಅತ್ತೆಯವರು ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾರೆ, ಮಕ್ಕಳು ಬಂಡೆ ಹತ್ತಿ ಇಳಿದು ಅವರ ಬಳಿಗೆ ಓಡಿ ಬರುತ್ತಾರೆ.

ಹಂತ 8: ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ನೀರಿನ ಕೆಲಸ

ಕಾವೇರಿ ನೀರು ದಿನವೂ ಬರದ ಬಡಾವಣೆಗಳಲ್ಲಿ ಸಂಪು, ಡ್ರಮ್ಮು, ಬಕೆಟ್‌ಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ನೀರೇ. ಅದು ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ ತಿಕ್ಕಿ ಒಣಗಿಸಿದರೆ ಸರಪಳಿ ತುಂಡಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸುವಷ್ಟು ಪರಿಸ್ಥಿತಿ ಬಿಗಡಾಯಿಸಿತ್ತು.

ಪಟ್ಟಿ ಮಾಡಿ ಮಗನ ಕೈಗೆ ಕೊಡಿ: ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್‌ನ ಹಿಂದಿನ ಟ್ರೇ, ಮಹಡಿಯ ಮೇಲಿನ ಹಳೆಯ ಡಬ್ಬ, ತೆಂಗಿನ ಚಿಪ್ಪು, ಟ್ಯಾಂಕಿನ ಮುಚ್ಚಳ. ಮೊದಲ ವಾರ ಅವನು ಫ್ರಿಜ್ ಟ್ರೇಯಲ್ಲಿ ಕುಣಿಯುವ ಮರಿಗಳನ್ನು ಕಂಡು ಅಜ್ಜಿಯನ್ನು ಕರೆದು ತೋರಿಸಿದ. ಅಂದಿನಿಂದ ಹೇಳಬೇಕಾಗಿಲ್ಲ. ಸಂಪು, ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಕೆಲಸ ಬಲ್ಲವರಿಂದ ತೊಳೆಸಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ. ಅದರಿಂದ ರೋಗಾಣು ಸಾಯುತ್ತವೆ, ಆದರೆ ಕೊಳವೆಬಾವಿಯ ನೀರಿನ ಗಡಸುತನ ಪೂರ್ತಿ ಹೋಗುವುದಿಲ್ಲ, ಫ್ಲೋರೈಡಂತೂ ಹೋಗುವುದೇ ಇಲ್ಲ. ಅಂಥ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಊಟಕ್ಕೆ ಮುಂಚೆ, ಹೊರಗಿನಿಂದ ಬಂದಾಗ 20 ಸೆಕೆಂಡ್ ಸೋಪಿನಿಂದ ಕೈ ತೊಳೆಯುವುದು ಎಲ್ಲರಿಗೂ ಗೊತ್ತಿರುವುದೇ.

ಹಂತ 9: ರಕ್ತದೊತ್ತಡ ಅಳೆಯುವುದನ್ನು ಸರಿಯಾಗಿ ಕಲಿಯಿರಿ

ಮೂವತ್ತು ದಾಟಿದವರೆಲ್ಲರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು. ಹೆಂಗಸರು ಹಿಮೊಗ್ಲೋಬಿನ್ ಕೂಡ. ಖಾಸಗಿ ಲ್ಯಾಬೇ ಆಗಬೇಕಿಲ್ಲ, ವಾರ್ಡಿನಲ್ಲಿರುವ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಉಚಿತ. ಬರಿಹೊಟ್ಟೆಯ ಸಕ್ಕರೆ 100ರೊಳಗಿದ್ದರೆ ಸರಿ, 100ರಿಂದ 125 ಎಚ್ಚರಿಕೆಯ ಗಂಟೆ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ನೋಡಿಸಿ ವೈದ್ಯರ ಬಳಿಗೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರದಿರಲಿ. ನಮ್ಮವರಿಗೆ ತೂಕದಷ್ಟೇ ಈ ಅಳತೆಯೂ ಮುಖ್ಯ.

ಮನೆಯ ಬಿಪಿ ಯಂತ್ರದಲ್ಲಿ ತಪ್ಪು ಅಂಕಿ ಬರಲು ಯಂತ್ರಕ್ಕಿಂತ ನಾವು ಕೂರುವ ರೀತಿ ಕಾರಣವಾಗುವುದೇ ಹೆಚ್ಚು. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ವ್ಯಾಯಾಮ ಬೇಡ. ಮೂತ್ರ ತಡೆದುಕೊಂಡಿರಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ಪಾದ ನೆಲದ ಮೇಲಿಟ್ಟು, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿ. ಪಟ್ಟಿ ಬರಿ ತೋಳಿನ ಮೇಲಿರಲಿ. ಮಾತನಾಡಬೇಡಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆಯಿರಿ. ಮನೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚು ಪದೇ ಪದೇ ಬಂದರೆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಎದೆನೋವು, ಮುಖ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಕಂಡರೆ ಅಳೆಯುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ.

ಹಂತ 10: ಹಿರಿಯರಿಗೊಂದು ಕೆಲಸ, ಎಲ್ಲರಿಗೂ ಒಂದು ಕಿವಿ

ಊರಿನಲ್ಲಿ ಜಗುಲಿಯ ಮೇಲೆ ಕುಳಿತು ದಾರಿಹೋಕರನ್ನೆಲ್ಲ ಮಾತನಾಡಿಸುತ್ತಿದ್ದವರು ಇಲ್ಲಿ ನಾಲ್ಕನೆಯ ಮಹಡಿಯ ಫ್ಲಾಟ್‌ನಲ್ಲಿ ಹಗಲೆಲ್ಲ ಒಬ್ಬರೇ ಇರುತ್ತಾರೆ. "ನೀವು ಆರಾಮವಾಗಿರಿ" ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಅವರಿಗೆ ಅದು "ನೀವು ಬೇಡ" ಎಂದು ಕೇಳಿಸುತ್ತದೆ. ಅತ್ತೆಯವರು ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದಾಗ ನನಗೆ ಬಹಳ ನೋವಾಯಿತು. ಅಂದಿನಿಂದ ಉಪ್ಪಿನ ಪ್ಯಾಕೆಟ್‌ನ ಲೆಕ್ಕ, ಸೊಪ್ಪಿನ ಗಾಡಿಯವಳ ವ್ಯವಹಾರ, ಸಂಜೆ ಮೊಮ್ಮಗನ ಕನ್ನಡ ಓದು ಅವರ ಜವಾಬ್ದಾರಿ. ಗಾಡಿಯವಳ ಜೊತೆ ದಿನವೂ ಹತ್ತು ನಿಮಿಷ ಮಾತಾಗುತ್ತದೆ. ಆ ಹತ್ತು ನಿಮಿಷಕ್ಕೆ ಅವರು ಬೆಳಿಗ್ಗೆಯೇ ತಲೆ ಬಾಚಿ ಸಿದ್ಧರಾಗುತ್ತಾರೆ.

ಮನೆಯಲ್ಲಿ ಯಾರಾದರೂ ಎರಡು ವಾರಕ್ಕೂ ಹೆಚ್ಚು ದಿನ ಮಂಕಾಗಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಬದುಕು ಸಾಕೆನ್ನುವ ಮಾತಾಡಿದರೆ ಅದನ್ನು ಸೋಮಾರಿತನವೆಂದೋ ಹಟವೆಂದೋ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲಿಂದ, ಎಷ್ಟು ಬೇಗ

ಹತ್ತನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವಾರ ಬರವಣಿಗೆ. ಎರಡನೆಯ ವಾರ ಬಡಿಸುವ ಕ್ರಮ ಮತ್ತು ಉಪ್ಪಿನ ದಿನಾಂಕ, ಏಕೆಂದರೆ ಎರಡಕ್ಕೂ ಖರ್ಚಿಲ್ಲ, ಹೊತ್ತೂ ಬೇಡ. ಮೂರು ವಾರ ಕಳೆದು ಅದು ಅಭ್ಯಾಸವಾದ ಮೇಲೆ ನಿದ್ದೆ. ನಡಿಗೆ, ತಪಾಸಣೆ ಆಮೇಲೆ. ಮಳೆಗಾಲ ಹತ್ತಿರವಿದ್ದರೆ ಮಾತ್ರ ನೀರಿನ ಕೆಲಸ ಎಲ್ಲಕ್ಕಿಂತ ಮುಂದೆ ಬರಲಿ.

ಕ್ರಮ ತಪ್ಪುತ್ತದೆ. ಪರೀಕ್ಷೆ, ಜ್ವರ, ಊರಿನಿಂದ ನೆಂಟರು, ಗೌರಿ ಗಣೇಶದ ಕಡುಬು, ದೀಪಾವಳಿಯ ರಾತ್ರಿಗಳು. ಅವನ್ನು ಮನಸಾರೆ ಅನುಭವಿಸಿ. ಹಬ್ಬ ಮುಗಿದ ಮರುದಿನ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಡದೆ ಮೊದಲು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ. ನಿದ್ದೆ ಸರಿಯಾದ ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಐದು ಜನ ಮೇಜಿನ ಮುಂದೆ ಕೂರುವುದು ಸಾಧ್ಯ. ಆ ದಿನ ಮೊದಲ ಬಿಸಿ ದೋಸೆಯನ್ನು ಒಲೆಯ ಮುಂದೆ ನಿಂತವರ ತಟ್ಟೆಗೇ ಹಾಕಿ.